ಗಂಟೆಗೆ 2.13 ಡಾಲರ್: ಅಮೆರಿಕದಲ್ಲಿ ಟಿಪ್ಸ್ ಪಡೆದು ದುಡಿಯುವವರು ಸಂಬಳದ ಲೆಕ್ಕ ನೋಡಿಕೊಳ್ಳುವ ಕ್ರಮ

ಡಲ್ಲಾಸ್ ಅಥವಾ ಅಟ್ಲಾಂಟಾದ ರೆಸ್ಟೋರೆಂಟೊಂದರಲ್ಲಿ ಸಪ್ಲೈಯರ್ ಕೆಲಸಕ್ಕೆ ಸೇರಿದ ಕನ್ನಡಿಗರು ತಮ್ಮ ಮೊದಲ ಸಂಬಳದ ಚೀಟಿಯನ್ನು ನೋಡಿ ಗಾಬರಿಯಾಗುವುದು ಸಹಜ. ಗಂಟೆಯ ದರ ಎಂಬಲ್ಲಿ 2.13 ಡಾಲರ್ ಎಂದು ಮುದ್ರಿತವಾಗಿರುತ್ತದೆ. ಕೆಲವೊಮ್ಮೆ ಎರಡು ವಾರ ನಿಂತು ದುಡಿದ ಮೇಲೂ ಕೈಗೆ ಬರಬೇಕಾದ ಮೊತ್ತದ ಜಾಗದಲ್ಲಿ ಸೊನ್ನೆ ಇರುತ್ತದೆ. ಇವೆರಡೂ ಕಾನೂನಿಗೆ ಒಪ್ಪುವಂಥವೇ ಆಗಿರಬಹುದು, ಇವೆರಡರ ಹಿಂದೆಯೂ ಮೋಸ ಇರಬಹುದು. ನಿಮ್ಮದು ಯಾವ ಬಗೆಯೆಂದು ಕಂಡುಕೊಳ್ಳಲು ಮೊದಲಿಗೇ ವಕೀಲರ ಬಳಿ ಹೋಗಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಫೋನಿನಲ್ಲಿರುವ ಕ್ಯಾಲ್ಕುಲೇಟರು ಮತ್ತು ಮುಂದೆ ಹೇಳಿರುವ ಕೆಲವು ನಿಯಮಗಳು ಸಾಕು.

ನಮ್ಮ ಕಡೆಯ ಹೋಟೆಲುಗಳ ರೂಢಿ ಗೊತ್ತಿರುವವರು ಮೊದಲು ಒಂದು ತಿಳಿವಳಿಕೆಯನ್ನು ಬದಿಗಿಡಬೇಕು. ಭಾರತದಲ್ಲಿ ಗಿರಾಕಿಯು ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಬಿಟ್ಟುಹೋಗುವ ನೋಟಿಗೂ ಮಾಲೀಕರು ಕೊಡುವ ಸಂಬಳಕ್ಕೂ ಸಂಬಂಧವಿಲ್ಲ. ಜೈಪುರದ ರಾಂಬಾಗ್ ಪ್ಯಾಲೇಸ್ ಹೋಟೆಲಿನ ಮೊಕದ್ದಮೆಯಲ್ಲಿ 1976ರಲ್ಲಿಯೂ, ಐಟಿಸಿ ಸಂಸ್ಥೆಯ ತೆರಿಗೆ ಮೊಕದ್ದಮೆಯಲ್ಲಿ 2016ರಲ್ಲಿಯೂ, ಟಿಪ್ಸನ್ನು ಮಾಲೀಕರು ಕೊಟ್ಟ ಸಂಬಳವೆಂದು ಎಣಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ದಾರಿ ಬೇರೆ. ಅಲ್ಲಿ ಗಿರಾಕಿ ಕೊಟ್ಟ ಟಿಪ್ಸನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮಾಲೀಕರಿಗೆ ಅವಕಾಶವಿದೆ. ಸೇರಿಸಿಕೊಳ್ಳುವುದಕ್ಕೆ ಅವಕಾಶವಿದೆಯೇ ಹೊರತು ಕಿಸೆಗೆ ಹಾಕಿಕೊಳ್ಳುವುದಕ್ಕಲ್ಲ. ಈ ವಿಷಯದಲ್ಲಿ ಹುಟ್ಟುವ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಮಾತುಗಳ ನಡುವಿನ ಗೆರೆ ಅಳಿಸಿಹೋದಾಗ ಹುಟ್ಟುವಂಥವು.

2.13 ಎಲ್ಲಿಂದ ಬಂತು

ಅಮೆರಿಕದ ಕನಿಷ್ಠ ವೇತನದ ಮೂಲ ಕಾನೂನು 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ಹೋಟೆಲು ಮತ್ತು ರೆಸ್ಟೋರೆಂಟುಗಳ ಕೆಲಸಗಾರರನ್ನು ಅದರ ಒಳಗೆ ತಂದದ್ದು 1966ರ ತಿದ್ದುಪಡಿ. ಅದೇ ತಿದ್ದುಪಡಿಯು ಕನಿಷ್ಠ ವೇತನದ ಅರ್ಧದಷ್ಟನ್ನು ಟಿಪ್ಸ್ ಮೂಲಕ ಸರಿದೂಗಿಸಿಕೊಳ್ಳುವ ಅನುಕೂಲವನ್ನೂ ಮಾಲೀಕರಿಗೆ ಕೊಟ್ಟಿತು. ಇದಕ್ಕೆ ಟಿಪ್ ಕ್ರೆಡಿಟ್ ಎಂದು ಹೆಸರು. 1991ರಲ್ಲಿ ಕನಿಷ್ಠ ವೇತನ ಗಂಟೆಗೆ 4.25 ಡಾಲರ್ ಆದಾಗ ಅದರ ಅರ್ಧ 2.13 ಆಯಿತು. 1996ರಲ್ಲಿ ಸಂಸತ್ತು ಕನಿಷ್ಠ ವೇತನವನ್ನು ಏರಿಸಿತು, ಆದರೆ ಅರ್ಧದ ನಂಟನ್ನು ಕತ್ತರಿಸಿ 2.13 ಎಂಬ ಅಂಕಿಯನ್ನು ಅಲ್ಲಿಯೇ ನಿಲ್ಲಿಸಿತು. 2009ರಿಂದ ಫೆಡರಲ್ ಕನಿಷ್ಠ ವೇತನ 7.25 ಡಾಲರ್, ಟಿಪ್ಸ್ ಪಡೆಯುವವರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಕನಿಷ್ಠ ನಗದು ವೇತನ ಇಂದಿಗೂ 2.13. ಎರಡರ ನಡುವಿನ 5.12 ಡಾಲರನ್ನು ಟಿಪ್ಸ್ ತುಂಬಬೇಕು. ಟಿಪ್ಸ್ ಅಷ್ಟಾಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು. ಇದು ಅವರ ಔದಾರ್ಯವಲ್ಲ, ಕಾನೂನಿನ ಹೊಣೆ.

ಟಿಪ್ ಕ್ರೆಡಿಟ್ ತಾನಾಗಿ ಅನ್ವಯವಾಗುವುದಿಲ್ಲ. ನೀವು ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸನ್ನು ರೂಢಿಯಾಗಿ ಪಡೆಯುವ ಕೆಲಸದಲ್ಲಿರಬೇಕು. ಜೊತೆಗೆ ಮಾಲೀಕರು ನಿಮಗೆ ಮುಂಚಿತವಾಗಿ ಐದು ಸಂಗತಿಗಳನ್ನು ತಿಳಿಸಿರಬೇಕು: ಕೈಯಿಂದ ಕೊಡುವ ನಗದು ವೇತನ ಎಷ್ಟು, ಟಿಪ್ಸ್ ಲೆಕ್ಕದಲ್ಲಿ ಸೇರಿಸಿಕೊಳ್ಳುವ ಮೊತ್ತ ಎಷ್ಟು, ಆ ಮೊತ್ತವು ನಿಮಗೆ ನಿಜವಾಗಿ ಸಿಕ್ಕ ಟಿಪ್ಸನ್ನು ಮೀರುವಂತಿಲ್ಲ, ನಿಯಮಬದ್ಧ ಹಂಚಿಕೆಯನ್ನು ಬಿಟ್ಟರೆ ಎಲ್ಲಾ ಟಿಪ್ಸ್ ನಿಮ್ಮದೇ, ಮತ್ತು ಇಷ್ಟನ್ನೂ ತಿಳಿಸದಿದ್ದರೆ ಟಿಪ್ ಕ್ರೆಡಿಟ್ ಸಲ್ಲದು. ಫೆಡರಲ್ ನಿಯಮದಂತೆ ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು. ಏನನ್ನೂ ತಿಳಿಸದೆ 2.13 ಕೊಡುತ್ತಾ ಬಂದಿದ್ದರೆ ಪ್ರತಿ ಗಂಟೆಗೂ ಪೂರ್ತಿ 7.25 ಸಲ್ಲಬೇಕಾಗುತ್ತದೆ, ಟಿಪ್ಸೂ ನಿಮ್ಮ ಬಳಿಯೇ ಉಳಿಯುತ್ತದೆ. ಆದುದರಿಂದ ಕೆಲಸಕ್ಕೆ ಸೇರುವ ದಿನ ಸಹಿ ಹಾಕಿದ ಪ್ರತಿಯೊಂದು ಕಾಗದವನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಬಾಯಲ್ಲಿ ಹೇಳಿದ್ದನ್ನು ತಾರೀಖು ಹಾಕಿ ಬರೆದುಕೊಳ್ಳಿ.

ಮೊದಲು ನಿಮ್ಮ ರಾಜ್ಯದ ದರ ತಿಳಿಯಿರಿ

ಫೆಡರಲ್ ದರ ನೆಲದ ಮಟ್ಟ ಮಾತ್ರ. ರಾಜ್ಯವೋ ನಗರವೋ ಅದಕ್ಕಿಂತ ಹೆಚ್ಚು ನಿಗದಿ ಮಾಡಿದ್ದರೆ ಕೆಲಸಗಾರರಿಗೆ ಲಾಭವಾಗುವ ದರವೇ ಸಲ್ಲುತ್ತದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗನ್, ನೆವಾಡಾ, ಮಿನ್ನೆಸೋಟ, ಮೊಂಟಾನಾ ಮತ್ತು ಅಲಾಸ್ಕಾ ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ಟೇ ಇಲ್ಲ. ಅಲ್ಲಿ ಪೂರ್ತಿ ಕನಿಷ್ಠ ವೇತನವನ್ನು ಮಾಲೀಕರು ಕೊಡಬೇಕು, ಟಿಪ್ಸ್ ಅದರ ಮೇಲಿನದು. ಟೆಕ್ಸಾಸ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ ರಾಜ್ಯಗಳು 2.13ರಲ್ಲಿಯೇ ನಿಂತಿವೆ. ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್ ಮುಂತಾದವು ನಡುವಿನ ದಾರಿ ಹಿಡಿದಿವೆ: 2025ರಲ್ಲಿ ನ್ಯೂಜೆರ್ಸಿಯ ಸಾಮಾನ್ಯ ಕನಿಷ್ಠ ವೇತನ 15.49 ಡಾಲರ್, ಟಿಪ್ಸ್ ಪಡೆಯುವವರ ನಗದು ವೇತನ 5.62, ಇಲಿನಾಯ್‌ನಲ್ಲಿ ಕ್ರಮವಾಗಿ 15 ಮತ್ತು 9. ಹಲವು ರಾಜ್ಯಗಳು ಪ್ರತಿ ಜನವರಿಯಲ್ಲಿ ದರ ಬದಲಿಸುವುದರಿಂದ ರಾಜ್ಯದ ಕಾರ್ಮಿಕ ಇಲಾಖೆಯ ಪ್ರಕಟಣೆಯನ್ನು ವರ್ಷಾರಂಭದಲ್ಲಿ ಒಮ್ಮೆ ನೋಡಲೇಬೇಕು. ಇದರ ಪರಿಣಾಮ ಸಣ್ಣದಲ್ಲ: ವಾರಕ್ಕೆ 40 ಗಂಟೆ ದುಡಿದವರಿಗೆ 2025ರಲ್ಲಿ ಮಾಲೀಕರ ಕೈಯಿಂದ ಬರಬೇಕಾದದ್ದು ಟೆಕ್ಸಾಸಿನ ಡಲ್ಲಾಸಿನಲ್ಲಿ 85.20 ಡಾಲರ್ ಆದರೆ, ಕ್ಯಾಲಿಫೋರ್ನಿಯಾ ರಾಜ್ಯದ ದರದಲ್ಲಿಯೇ 660 ಡಾಲರ್. ಅಲ್ಲಿನ ಹಲವು ನಗರಗಳ ದರ ಅದಕ್ಕಿಂತಲೂ ಹೆಚ್ಚು.

ವಾರದ ಲೆಕ್ಕ

ಕಾನೂನಿನ ಲೆಕ್ಕ ನಡೆಯುವುದು ತಿಂಗಳ ಮೇಲಲ್ಲ, ಸಂಬಳದ ಅವಧಿಯ ಮೇಲೂ ಅಲ್ಲ, ವಾರದ ಮೇಲೆ. ಟೆಕ್ಸಾಸಿನ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಳೆಯೋ ಹಿಮವೋ ಬಿದ್ದು ವ್ಯಾಪಾರ ಬಿದ್ದುಹೋದ ವಾರದಲ್ಲಿ ಒಬ್ಬರು 40 ಗಂಟೆ ಕೆಲಸ ಮಾಡಿದ್ದಾರೆ. ಟೇಬಲ್ಲುಗಳಿಂದ ಬಂದ ಟಿಪ್ಸ್ 190 ಡಾಲರ್. ಅದರಲ್ಲಿ 40 ಡಾಲರನ್ನು ಕ್ಲೀನರಿಗೂ ಬಾರ್‌ನಲ್ಲಿರುವವರಿಗೂ ಹಂಚಿದ್ದಾರೆ. ಲೆಕ್ಕಕ್ಕೆ ಸಲ್ಲುವುದು 190 ಅಲ್ಲ, ಕೈಯಲ್ಲಿ ಉಳಿದ 150 ಮಾತ್ರ. ಇದನ್ನು ಹಲವರು ತಪ್ಪಿಸಿಕೊಳ್ಳುತ್ತಾರೆ. ನಗದು ವೇತನ 85.20, ಟಿಪ್ಸ್ 150, ಒಟ್ಟು 235.20. ಅದೇ 40 ಗಂಟೆಗೆ 7.25ರಂತೆ ಆಗಬೇಕಾದದ್ದು 290. ಹಾಗಾಗಿ ಆ ವಾರದ ಸಂಬಳದಲ್ಲಿ ಮಾಲೀಕರು 54.80 ಡಾಲರನ್ನು ಹೆಚ್ಚಿಗೆ ಸೇರಿಸಿ ಕೊಡಬೇಕು.

ಮುಂದಿನ ವಾರ ವ್ಯಾಪಾರ ಚೇತರಿಸಿ ಟಿಪ್ಸ್ 420 ಡಾಲರ್ ಬಂತು ಎಂದುಕೊಳ್ಳೋಣ. ಆಗ ಮ್ಯಾನೇಜರು ಎರಡೂ ವಾರಗಳನ್ನು ಕೂಡಿಸಿ, 80 ಗಂಟೆಗೆ 740.40 ಡಾಲರ್ ಆಗಿದೆ, ಗಂಟೆಗೆ ಒಂಬತ್ತು ಡಾಲರಿಗಿಂತ ಮೇಲೆ ಬಿತ್ತಲ್ಲ, ಇನ್ನೇನು ಕೊಡುವುದು ಎಂದು ಕೇಳಬಹುದು. ಲೆಕ್ಕ ಸರಿಯಾಗಿದೆ, ನಿಯಮ ಸರಿಯಾಗಿಲ್ಲ. ಪ್ರತಿ ಕೆಲಸದ ವಾರವೂ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ; ಎರಡನೆಯ ವಾರದ ಸಮೃದ್ಧಿಯಿಂದ ಮೊದಲ ವಾರದ ಕೊರತೆಯನ್ನು ಮುಚ್ಚುವಂತಿಲ್ಲ. ಸಂಬಳ ಎರಡು ವಾರಕ್ಕೊಮ್ಮೆ ಬಂದರೂ ನಿಮ್ಮ ನೋಟ್‌ಬುಕ್ಕಿನ ಪುಟ ವಾರಕ್ಕೊಂದಿರಬೇಕೆನ್ನುವುದು ಇದಕ್ಕಾಗಿಯೇ.

ಪುಟದಲ್ಲಿ ದಿನದ ತಾರೀಖು, ಕೆಲಸ ಶುರುವಾದ ಮತ್ತು ಮುಗಿದ ಹೊತ್ತು, ನಗದಾಗಿ ಬಂದ ಟಿಪ್ಸ್, ಕಾರ್ಡಿನಲ್ಲಿ ಬಂದ ಟಿಪ್ಸ್, ಬೇರೆಯವರಿಗೆ ಹಂಚಿದ್ದು ಇಷ್ಟನ್ನು ಬರೆದರೆ ಸಾಕು. ಅಂಗಡಿ ತೆರೆಯುವ ಮೊದಲು ಕುರ್ಚಿ ಇಳಿಸಿದ ಹೊತ್ತು, ಬಾಗಿಲು ಹಾಕಿದ ಮೇಲೆ ನೆಲ ಒರೆಸಿದ ಹೊತ್ತು ಎರಡೂ ಕೆಲಸದ ಹೊತ್ತೇ ಆದ್ದರಿಂದ ಅವನ್ನು ಬಿಡಬಾರದು. ಕೈಬರಹದ ಇಂಥ ಪುಸ್ತಕಕ್ಕೆ ಬೆಲೆಯೇನು ಎಂದು ಅನುಮಾನಿಸುವವರಿಗೆ ಹಳೆಯದೊಂದು ತೀರ್ಪಿದೆ. ಮಿಶಿಗನ್ ರಾಜ್ಯದ ಮೌಂಟ್ ಕ್ಲೆಮೆನ್ಸ್ ಪಾಟರಿ ಎಂಬ ಪಿಂಗಾಣಿ ಕಾರ್ಖಾನೆಯ ಕೆಲಸಗಾರರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲಿ, ದಾಖಲೆ ಇಡುವ ಹೊಣೆ ಮಾಲೀಕರದ್ದು, ಅವರು ಸರಿಯಾಗಿ ಇಡದಿದ್ದರೆ ಕೆಲಸಗಾರರು ತರ್ಕಸಮ್ಮತವಾಗಿ ಅಂದಾಜಿಸಿ ಒದಗಿಸುವ ಪುರಾವೆ ಸಾಕು ಎಂದು ಹೇಳಿತು.

ಓಟಿ ಲೆಕ್ಕದ ಮಾಮೂಲಿ ತಪ್ಪು

ವಾರದಲ್ಲಿ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ವೇತನ ಸಲ್ಲಬೇಕು. ಯಾವುದರ ಒಂದೂವರೆ ಪಟ್ಟು ಎಂಬಲ್ಲಿಯೇ ಎಡವಟ್ಟಾಗುವುದು. 2.13ನ್ನು ಒಂದೂವರೆಯಿಂದ ಗುಣಿಸಿದರೆ 3.20ರ ಹತ್ತಿರ ಬರುತ್ತದೆ, ಮತ್ತು ಚೀಟಿಯಲ್ಲಿ ಆ ಅಂಕಿ ಕಂಡರೆ ಅದು ತಪ್ಪು ಲೆಕ್ಕ. ಗುಣಿಸಬೇಕಾದದ್ದು ಪೂರ್ತಿ ಕನಿಷ್ಠ ವೇತನವನ್ನು: 7.25ರ ಒಂದೂವರೆ ಪಟ್ಟು 10.875, ಅದರಿಂದ ಟಿಪ್ ಕ್ರೆಡಿಟ್ಟಿನ 5.12 ಕಳೆದರೆ 5.755, ಅಂದರೆ ಸುಮಾರು 5.76 ಡಾಲರ್. ಟಿಪ್ ಕ್ರೆಡಿಟ್ಟನ್ನು ಓಟಿ ಗಂಟೆಗಳಲ್ಲಿ ಮಾಮೂಲಿ ಗಂಟೆಗಿಂತ ಹಿಗ್ಗಿಸುವಂತಿಲ್ಲ. ವಾರಕ್ಕೆ 46 ಗಂಟೆ ದುಡಿದವರಿಗೆ ಮೇಲಿನ ಆರು ಗಂಟೆಗೆ ತಪ್ಪು ಲೆಕ್ಕದಲ್ಲಿ 19.17 ಡಾಲರ್, ಸರಿ ಲೆಕ್ಕದಲ್ಲಿ 34.53. ವಾರಕ್ಕೆ ಹದಿನೈದು ಡಾಲರ್ ಎಂಬುದು ಕೇಳಲು ಅಲ್ಪವೆನಿಸಬಹುದು. ಇಡೀ ವರ್ಷಕ್ಕೆ, ಹತ್ತು ಜನ ಸಪ್ಲೈಯರುಗಳಿಗೆ ಗುಣಿಸಿ ನೋಡಿದರೆ ಅಲ್ಪವಲ್ಲ. ನಿಮ್ಮ ರಾಜ್ಯದ ದರ ಬೇರೆಯಿದ್ದರೆ ಇದೇ ಕ್ರಮದಲ್ಲಿ ಆ ದರವನ್ನಿಟ್ಟು ಲೆಕ್ಕ ಹಾಕಿ.

ಟಿಪ್ಸ್ ಡಬ್ಬಿ ಯಾರದ್ದು

ನಮ್ಮವರು ನಡೆಸುವ ಸಣ್ಣ ರೆಸ್ಟೋರೆಂಟುಗಳಲ್ಲಿ ಎಲ್ಲರ ಟಿಪ್ಸನ್ನು ಒಂದು ಡಬ್ಬಿಗೆ ಹಾಕಿ ರಾತ್ರಿ ಹಂಚುವ ಪದ್ಧತಿ ಉಂಟು. ಹೀಗೆ ಒಟ್ಟುಮಾಡಿ ಹಂಚುವುದನ್ನು ಕಾನೂನು ಒಪ್ಪುತ್ತದೆ, ಆದರೆ ಡಬ್ಬಿಗೆ ಕೈಹಾಕುವವರು ಯಾರು ಎಂಬುದನ್ನು ಬಿಗಿಯಾಗಿ ಗೊತ್ತುಮಾಡಿದೆ. ಮಾಲೀಕರು ಟಿಪ್ ಕ್ರೆಡಿಟ್ ಪಡೆಯುತ್ತಿದ್ದರೆ ಹಂಚಿಕೆ ನಡೆಯಬೇಕಾದದ್ದು ರೂಢಿಯಿಂದ ಟಿಪ್ಸ್ ಪಡೆಯುವವರ ನಡುವೆ ಮಾತ್ರ; ಸಪ್ಲೈಯರು, ಟೇಬಲ್ ತೆಗೆಯುವ ಕ್ಲೀನರು, ಬಾರ್‌ನವರು ಈ ಗುಂಪಿನವರು. ಎಲ್ಲರಿಗೂ ಪೂರ್ತಿ ಕನಿಷ್ಠ ವೇತನವನ್ನು ಕೈಯಿಂದಲೇ ಕೊಡುತ್ತಿದ್ದರೆ ದೋಸೆ ಹೊಯ್ಯುವವರನ್ನೂ ಪಾತ್ರೆ ತೊಳೆಯುವವರನ್ನೂ ಫೆಡರಲ್ ನಿಯಮದಡಿ ಸೇರಿಸಿಕೊಳ್ಳಬಹುದು. ಒಳಗೆ ಬೆವರು ಸುರಿಸುವವರಿಗೂ ಪಾಲು ಸಿಗಲಿ ಎಂಬುದು ನ್ಯಾಯವೆಂದೇ ನನ್ನ ಭಾವನೆ. ಆದರೆ ಆ ನ್ಯಾಯವನ್ನು 2.13 ಪಡೆಯುವವರ ಕಿಸೆಯಿಂದ ಮಾಡಿಸಬಾರದು ಎನ್ನುವುದು ಕಾನೂನಿನ ನಿಲುವು.

ಎರಡೂ ಸಂದರ್ಭಗಳಲ್ಲಿ ಮಾಲೀಕರಿಗಾಗಲಿ ಮ್ಯಾನೇಜರಿಗಾಗಲಿ ಮೇಲ್ವಿಚಾರಕರಿಗಾಗಲಿ ಡಬ್ಬಿಯಲ್ಲಿ ಪಾಲಿಲ್ಲ. 2018ರ ತಿದ್ದುಪಡಿಯಿಂದ ಇದು ನಿಚ್ಚಳವಾಯಿತು: ಟಿಪ್ ಕ್ರೆಡಿಟ್ ಪಡೆಯಲಿ ಬಿಡಲಿ, ಕೆಲಸಗಾರರ ಟಿಪ್ಸನ್ನು ಮಾಲೀಕರು ಯಾವ ನೆಪದಲ್ಲಿಯೂ ಇಟ್ಟುಕೊಳ್ಳುವಂತಿಲ್ಲ. ಮ್ಯಾನೇಜರು ತಾವೊಬ್ಬರೇ ನೇರವಾಗಿ ಬಡಿಸಿದ ಟೇಬಲ್ಲಿನ ಟಿಪ್ಸನ್ನು ಮಾತ್ರ ಇಟ್ಟುಕೊಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಗಲ್ಲಾದಲ್ಲಿ ಕೂರುವ ಮಾಲೀಕರ ಭಾವಮೈದುನ ಮ್ಯಾನೇಜರೋ ಅಲ್ಲವೋ ಎಂಬುದನ್ನು ಅವರ ಅಂಗಿಯ ಮೇಲಿನ ಬಿಲ್ಲೆಯೂ ನಂಟಸ್ತನವೂ ತೀರ್ಮಾನಿಸುವುದಿಲ್ಲ. ಅಂಗಡಿಯ ಅಥವಾ ಅದರ ಒಂದು ವಿಭಾಗದ ಆಡಳಿತವೇ ಅವರ ಮುಖ್ಯ ಕೆಲಸವೇ, ಕನಿಷ್ಠ ಇಬ್ಬರು ಪೂರ್ಣಾವಧಿ ಕೆಲಸಗಾರರಿಗೆ ಸಮನಾದ ಸಿಬ್ಬಂದಿಯನ್ನು ಅವರು ನಿರ್ದೇಶಿಸುತ್ತಾರೆಯೇ, ಕೆಲಸಕ್ಕೆ ತೆಗೆದುಕೊಳ್ಳುವ ಅಥವಾ ಬಿಡಿಸುವ ವಿಷಯದಲ್ಲಿ ಅವರ ಮಾತು ನಡೆಯುತ್ತದೆಯೇ ಎಂದು ನೋಡಬೇಕು. ವ್ಯಾಪಾರದಲ್ಲಿ ಕನಿಷ್ಠ ಶೇಕಡಾ 20ರಷ್ಟು ಪಾಲು ಹೊಂದಿ ಆಡಳಿತದಲ್ಲಿ ಸಕ್ರಿಯವಾಗಿ ತೊಡಗಿರುವವರೂ ಮ್ಯಾನೇಜರುಗಳ ಸಾಲಿಗೇ ಸೇರುತ್ತಾರೆ. ಡಬ್ಬಿಯ ಹಣವನ್ನು ಹಂಚಲು ಇರುವ ಗಡುವು ಆ ಅವಧಿಯ ಸಂಬಳದ ದಿನ.

ಸರ್ವಿಸ್ ಚಾರ್ಜ್ ಟಿಪ್ಸ್ ಅಲ್ಲ

ಮದುವೆ, ನಾಮಕರಣ, ಕನ್ನಡ ಸಂಘದ ರಾಜ್ಯೋತ್ಸವದ ಊಟ ಇವುಗಳಿಗೆ ಬಡಿಸಲು ಹೋಗುವವರು ಬಿಲ್ಲಿನಲ್ಲಿ ಶೇಕಡಾ 18 ಅಥವಾ 20ರ ಸರ್ವಿಸ್ ಚಾರ್ಜ್ ಕಂಡು ಅದು ತಮ್ಮದೆಂದುಕೊಳ್ಳುತ್ತಾರೆ. ಗಿರಾಕಿ ಕೊಡಲೇಬೇಕಾದ ಮೊತ್ತವು ಫೆಡರಲ್ ಕಾನೂನಿನ ದೃಷ್ಟಿಯಲ್ಲಿ ಮಾಲೀಕರ ವರಮಾನ. ಕೊಡುವುದೂ ಬಿಡುವುದೂ, ಎಷ್ಟು ಕೊಡಬೇಕೆಂಬುದೂ ಗಿರಾಕಿಯ ಇಷ್ಟಕ್ಕೆ ಬಿಟ್ಟಿದ್ದರೆ ಮಾತ್ರ ಅದು ಟಿಪ್ಸ್. ಮಾಲೀಕರು ಅದರಲ್ಲಿ ನಿಮಗೆ ಪಾಲು ಕೊಟ್ಟರೆ ಅದು ಸಂಬಳವೆನಿಸುತ್ತದೆ. ನ್ಯೂಯಾರ್ಕಿನಲ್ಲಿ ಮಾತ್ರ ಅಲ್ಲಿನ ಉಚ್ಚ ನ್ಯಾಯಾಲಯ 2008ರಲ್ಲಿ ಬೇರೆ ದಾರಿ ಹಿಡಿದು, ಸಾಮಾನ್ಯ ಗಿರಾಕಿಯೊಬ್ಬರು ಟಿಪ್ಸ್ ಎಂದೇ ತಿಳಿಯುವಂತಿದ್ದರೆ ಆ ಶುಲ್ಕ ಕೆಲಸಗಾರರಿಗೆ ಸೇರಬೇಕೆಂದಿತು. ಕುತೂಹಲಕ್ಕೆ ಹೇಳುವುದಾದರೆ, ನಮ್ಮ ಮೈಸೂರಿನ ಹೋಟೆಲೊಂದರ ಇಎಸ್‌ಐ ಮೊಕದ್ದಮೆಯಲ್ಲಿಯೂ ಗಿರಾಕಿಗಳಿಂದ ಸಂಗ್ರಹಿಸಿ ಕೆಲಸಗಾರರಿಗೆ ಹಂಚಿದ ಸರ್ವಿಸ್ ಚಾರ್ಜ್ ವೇತನವೇ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲ ಎಂಬ ಉತ್ತರ ಪಡೆದಿತ್ತು.

ಕಡಿತಗಳು ಮತ್ತು ಸೊನ್ನೆಯ ಚೀಟಿ

ತಟ್ಟೆ ಒಡೆದದ್ದಕ್ಕೆ, ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ದದ್ದಕ್ಕೆ, ಗಿರಾಕಿ ಬಿಲ್ಲು ಕೊಡದೆ ಎದ್ದುಹೋದದ್ದಕ್ಕೆ, ಯೂನಿಫಾರ್ಮಿಗೆ ಎಂದು 2.13 ಪಡೆಯುವವರ ಸಂಬಳದಲ್ಲಿ ಹಿಡಿಯುವಂತಿಲ್ಲ. ಲೆಕ್ಕದಲ್ಲಿ ಅವರು ಈಗಾಗಲೇ ಕನಿಷ್ಠ ವೇತನದ ಅಂಚಿನಲ್ಲಿದ್ದಾರೆ. ಒಂದು ಡಾಲರ್ ಹಿಡಿದರೂ ಅದರ ಕೆಳಗೆ ಜಾರುತ್ತಾರೆ. ಟಿಪ್ಸ್ ಸಾಕಷ್ಟು ಬಂದಿದೆಯಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಬಂದ ಟಿಪ್ಸಿಗೆ ಕಾರ್ಡ್ ಕಂಪನಿ ಹಿಡಿಯುವ ಶುಲ್ಕದ ಪ್ರಮಾಣವನ್ನಷ್ಟೇ, ಉದಾಹರಣೆಗೆ 10 ಡಾಲರಿಗೆ 30 ಸೆಂಟ್ಸ್, ಮುರಿದುಕೊಳ್ಳಲು ಫೆಡರಲ್ ನಿಯಮ ಬಿಡುತ್ತದೆ. ಕ್ಯಾಲಿಫೋರ್ನಿಯಾ ಅದನ್ನೂ ಬಿಡುವುದಿಲ್ಲ.

ಇನ್ನು ಸೊನ್ನೆಯ ಚೀಟಿ. ಟಿಪ್ಸ್ ಕೂಡ ತೆರಿಗೆಗೆ ಒಳಪಡುವ ಆದಾಯ. ಒಬ್ಬ ಮಾಲೀಕರ ಬಳಿ ತಿಂಗಳಿಗೆ 20 ಡಾಲರ್ ಅಥವಾ ಹೆಚ್ಚು ಬಂದರೆ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಲಿಖಿತವಾಗಿ ಅವರಿಗೆ ತಿಳಿಸಬೇಕು. ಅದರ ತೆರಿಗೆಯನ್ನು ಮಾಲೀಕರು ಹಿಡಿಯುವುದು ನಗದು ವೇತನದಿಂದ. ವಾರಕ್ಕೆ 85.20 ವೇತನ ಮತ್ತು 650 ಟಿಪ್ಸ್ ಇದ್ದವರಿಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಸೇರಿ ಶೇಕಡಾ 7.65ರಂತೆ 56.24 ಡಾಲರ್ ಕಡಿತವಾಗುತ್ತದೆ. ಮೇಲೆ ಆದಾಯ ತೆರಿಗೆಯೂ ಸೇರಿದರೆ 85.20 ಪೂರ್ತಿ ಕರಗಿಹೋಗಬಹುದು. ಇಂಥ ಸೊನ್ನೆಯಲ್ಲಿ ಮೋಸವಿಲ್ಲ. ಆದರೆ ಚೀಟಿಯಲ್ಲಿ ನಮೂದಾದ ಟಿಪ್ಸ್ ನಿಮ್ಮ ಪುಸ್ತಕದ ಟಿಪ್ಸಿಗಿಂತ ಹೆಚ್ಚಿದ್ದರೆ ತಕ್ಷಣ ಕೇಳಿ, ಏಕೆಂದರೆ ಬಾರದ ಟಿಪ್ಸನ್ನು ಬಂದಿದೆ ಎಂದು ತೋರಿಸಿಬಿಟ್ಟರೆ ತುಂಬಿಕೊಡಬೇಕಾದ ಕೊರತೆ ಕಾಗದದ ಮೇಲೆ ಮಾಯವಾಗುತ್ತದೆ. 2025ರಿಂದ 2028ರವರೆಗಿನ ವರ್ಷಗಳಿಗೆ, ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಆದಾಯ 1,50,000 ಡಾಲರ್ ಮೀರಿದ ಒಂಟಿ ತೆರಿಗೆದಾರರಿಗೆ ಅದು ಕ್ರಮೇಣ ಕಡಿಮೆಯಾಗುತ್ತದೆ. ಟಿಪ್ಸಿಗೆ ತೆರಿಗೆಯೇ ಇಲ್ಲ ಎಂದು ಹಬ್ಬಿರುವ ಮಾತು ತಪ್ಪು: ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತಗಳು ಮೊದಲಿನಂತೆಯೇ ಇವೆ, ಟಿಪ್ಸನ್ನು ವರದಿ ಮಾಡುವ ಕರ್ತವ್ಯವೂ ಇದೆ.

ವೀಸಾದ ಮಾತು, ದೂರಿನ ದಾರಿ

ಎಫ್-1 ವೀಸಾದ ವಿದ್ಯಾರ್ಥಿಗಳು ಪಾಠಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಎಚ್-4 ಎಂಬ ಅವಲಂಬಿತರ ವೀಸಾದವರಿಗೆ ಪ್ರತ್ಯೇಕ ಕೆಲಸದ ಪರವಾನಗಿ ಬೇಕು. ಅನುಮತಿಯಿಲ್ಲದೆ ಹೊರಗೆ ದುಡಿಯುವುದು ವೀಸಾಕ್ಕೆ ಕುತ್ತು ತರುವಂಥದ್ದೇ, ಅದನ್ನು ಸಣ್ಣದು ಮಾಡಿ ಹೇಳಲಾರೆ. ಆದರೂ ದುಡಿದ ಗಂಟೆಗಳ ಕನಿಷ್ಠ ವೇತನದ ಹಕ್ಕು ವಲಸೆಯ ಸ್ಥಿತಿಗತಿಯನ್ನು ಅವಲಂಬಿಸಿಲ್ಲ. ಹಾಗಾಗಿ, ನಿನಗೆ ಕಾಗದಪತ್ರವೇ ಇಲ್ಲ, ನಿನಗೆಂಥ ಕನಿಷ್ಠ ವೇತನ ಎಂದು ಹೇಳುವ ಮಾಲೀಕರ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಅಂಥ ಸ್ಥಿತಿಯಲ್ಲಿರುವವರು ದೂರು ಕೊಡುವ ಮೊದಲು ವಲಸೆ ವಿಷಯದ ವಕೀಲರೊಬ್ಬರನ್ನು ಕಾಣುವುದು ಒಳ್ಳೆಯದು.

ಲೆಕ್ಕದಲ್ಲಿ ಕೊರತೆ ಕಂಡರೆ ಮೊದಲು ಮಾಲೀಕರಿಗೆ ಚಿಕ್ಕದಾಗಿ ಬರೆದು ಕೇಳಿ: ಇಂಥ ವಾರ, ಇಷ್ಟು ಗಂಟೆ, ಇಷ್ಟು ಟಿಪ್ಸ್, ಇಷ್ಟು ಕಡಿಮೆ ಬಿದ್ದಿದೆ. ಲೆಕ್ಕದ ಸಾಫ್ಟ್‌ವೇರಿನ ತಪ್ಪಾಗಿದ್ದರೆ ಅಲ್ಲಿಯೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಆ ಬರಹವೇ ಪುರಾವೆಯಾಗುತ್ತದೆ. ಮುಂದಿನ ಹೆಜ್ಜೆ ಅಮೆರಿಕದ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್. ಅದರ ಸಹಾಯವಾಣಿ 1-866-487-9243; ದೂರು ಕೊಡಲು ಶುಲ್ಕವಿಲ್ಲ, ದೂರುದಾರರ ಹೆಸರನ್ನು ಗುಟ್ಟಾಗಿಡಲಾಗುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ರಾಜ್ಯದ ದರ ಹೆಚ್ಚಿರುವುದರಿಂದ ಅಲ್ಲಿನ ಕಾರ್ಮಿಕ ಇಲಾಖೆಗೆ ಹೋಗುವುದೇ ಹೆಚ್ಚು ಲಾಭ. ದೂರು ಕೊಟ್ಟದ್ದಕ್ಕಾಗಿ ಕೆಲಸದಿಂದ ತೆಗೆಯುವುದು, ಪಾಳಿ ಕಡಿಮೆ ಮಾಡುವುದು ತಾನೇ ಇನ್ನೊಂದು ಅಪರಾಧ. ಕೋರ್ಟಿನಲ್ಲಿ ಗೆದ್ದರೆ ಬಾಕಿಯ ಜೊತೆಗೆ ಸಾಮಾನ್ಯವಾಗಿ ಅಷ್ಟೇ ಮೊತ್ತ ಪರಿಹಾರವಾಗಿ ಸಿಗುತ್ತದೆ, ವಕೀಲರ ಶುಲ್ಕವೂ ಮಾಲೀಕರ ತಲೆಗೇ ಬೀಳುತ್ತದೆ.

ಗಡುವನ್ನು ಮರೆಯಬಾರದು. ಫೆಡರಲ್ ಕಾನೂನಿನಲ್ಲಿ ದಾವೆ ಹೂಡಲು ಇರುವ ಅವಧಿ ಎರಡು ವರ್ಷ, ಮಾಲೀಕರು ತಿಳಿದೂ ತಪ್ಪು ಮಾಡಿದ್ದರೆ ಮೂರು ವರ್ಷ. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಆರು ವರ್ಷ. ಇದು ಪ್ರತಿ ಸಂಬಳದ ದಿನಕ್ಕೂ ಬೇರೆಬೇರೆಯಾಗಿ ಓಡುತ್ತದೆ, ಮತ್ತು ಇಲಾಖೆಗೆ ಬರಿದೇ ದೂರು ಕೊಟ್ಟರೆ ಕೋರ್ಟಿನ ಈ ಗಡುವು ನಿಲ್ಲುವುದಿಲ್ಲ. ಟೆಕ್ಸಾಸಿನಲ್ಲಿ 2026ರ ಮಾರ್ಚ್ ತಿಂಗಳಲ್ಲಿ ದಾವೆ ಹೂಡಿದವರಿಗೆ ಸಾಮಾನ್ಯವಾಗಿ 2024ರ ಮಾರ್ಚ್‌ನಿಂದ ಈಚಿನ ವಾರಗಳ ಬಾಕಿಯನ್ನಷ್ಟೇ ಕೇಳಲು ಸಾಧ್ಯ.